ಮಸಿಮುಖ ಉಂಡದ್ದು ಯಾವಾಗ

ಡಿಸ್ಕೇ ತಪ್ಪು ಎಂದು ನಾನು ಮೊದಲು ಅಂದುಕೊಂಡೆ. ಇಪ್ಪತ್ತನಾಲ್ಕು ವರ್ಷದಿಂದ ಸಿನಿಮಾ ಬಗ್ಗೆ ಬರೆಯುತ್ತಿರುವವನು ನಾನು, ನನಗೆ ತಪ್ಪಾಗುತ್ತದೆಯೇ? ತುಮಕೂರಿನಲ್ಲಿ ನಾಗಭೂಷಣ್ ಯಾರು ಎಂದು ಕೇಳಿ ನೋಡಿ. ನಾಲ್ಕು ಜನ ಕಾಲೇಜು ಮೇಷ್ಟ್ರು ಎಂದಾರು. ಉಳಿದವರೆಲ್ಲ 'ಮಸಿಮುಖ'ದ ನಾಗಭೂಷಣ್ ಎನ್ನುತ್ತಾರೆ. ಇದರಲ್ಲಿ ಜಂಬ ಇಲ್ಲ ಎಂದರೆ ಸುಳ್ಳಾಗುತ್ತದೆ.

'ಮಸಿಮುಖ' ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅದು ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಚಿತ್ರಕಥೆ, ಅಂದರೆ ಕಾಮಿಕ್ಸ್. ಉರಿಯುವ ಸುಣ್ಣದ ಗೂಡಿಗೆ ತನ್ನ ಗೆಳೆಯರನ್ನು ತಳ್ಳಿದ ಧಣಿಗಳನ್ನು ಮುಖಕ್ಕೆ ಮಸಿ ಬಳಿದುಕೊಂಡು ಒಬ್ಬೊಬ್ಬರನ್ನಾಗಿ ಮುಗಿಸುವ ಕೂಲಿಯಾಳಿನ ಕಥೆ. ನಮ್ಮಣ್ಣ ಶಿವಮೂರ್ತಿ ವಾರವಾರವೂ ಆ ಪುಟ ಕತ್ತರಿಸಿ ಗೋಣಿದಾರದಲ್ಲಿ ಹೊಲಿದಿಡುತ್ತಿದ್ದ. ಪತ್ರಿಕೆ ನಿಂತುಹೋಗಿ ಕಥೆ ಅರ್ಧಕ್ಕೇ ಉಳಿಯಿತು. ಆಮೇಲೆ ಯಾರೋ ಪುಣ್ಯಾತ್ಮರು ಅದನ್ನು ಸಿನಿಮಾ ಮಾಡಿದರು. ಪರದೆ ತುಂಬ ಕತ್ತಲೆ, ಹಾಡಿಲ್ಲ, ಹಾಸ್ಯವಿಲ್ಲ. ಬೆಂಗಳೂರಿನಲ್ಲಿ ಒಂದೇ ವಾರಕ್ಕೆ ಎತ್ತಿದರು. ಅದು ನಮ್ಮೂರಿಗೆ ಬರುವ ಹೊತ್ತಿಗೆ ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು.

ನಮ್ಮೂರು ನಿಟ್ಟೂರು. ಅಲ್ಲಿನ ಟೆಂಟಿನಲ್ಲಿ ಅದು ಹದಿನೆಂಟು ದಿನ ಓಡಿತು. ಅಷ್ಟು ದಿನ ಓಡಿಸಿದ್ದು ಅದರ ಕೊನೆ. ನಾನು ನೋಡಿದ ಸಿನಿಮಾದಲ್ಲಿ ಮಸಿಮುಖ ದೊಡ್ಡ ಧಣಿಯನ್ನು ಎಳೆದುಕೊಂಡು ತಾನೂ ಗೂಡಿಗೆ ಬಿದ್ದು ಸಾಯುತ್ತಾನೆ. ಪರದೆ ಒಂದು ಗಳಿಗೆ ಪೂರ್ತಿ ಕತ್ತಲಾಗುತ್ತದೆ. ಆಮೇಲೆ ಬಾಗಿಲು ತಳ್ಳಿಕೊಂಡು ಮನೆಯೊಳಗೆ ಬರುತ್ತಾನೆ. ಅವ್ವ ಮುದ್ದೆ ಬಡಿಸುತ್ತಾಳೆ. ಉಂಡು ಕೈ ತೊಳೆದು ಹೊಸಿಲು ದಾಟುತ್ತಾನೆ. ಅಷ್ಟೇ. ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದರು. ನಾನು ಮನೆಗೆ ಬಂದು 'ಸತ್ತವನ ಊಟ' ಎಂಬ ಲೇಖನ ಬರೆದೆ. ಸಾವಿಗೂ ಮನೆಗೂ ನಡುವಿನ ಆ ಕತ್ತಲೆಯೇ ನಿರ್ದೇಶಕನ ಪ್ರತಿಭೆ ಎಂದು ಅದೊಂದಕ್ಕೇ ಎರಡು ಪ್ಯಾರಾ ಕೊಟ್ಟೆ. ನನ್ನ ಭಾನುವಾರದ ಅಂಕಣ ಶುರುವಾದದ್ದು ಅಲ್ಲಿಂದ.

ಕುಣಿಗಲ್ಲಿನ ಮಹಾಲಿಂಗಯ್ಯ ಎಂಬ ಓದುಗರು ಆಗಲೇ ಕಾಗದ ಹಾಕಿದ್ದರು. 'ನಮ್ಮಲ್ಲಿ ಅವನು ಉಂಡು ಹೋಗಿ ಸಾಯುತ್ತಾನೆ. ತಾವು ಯಾವ ಸಿನಿಮಾ ನೋಡಿದಿರಿ?' ಎಂದು. ಸಿನಿಮಾ ನೋಡುವಾಗ ಎಚ್ಚರವಾಗಿರಬೇಕು ಎಂದು ಅಂಕಣದಲ್ಲೇ ಉತ್ತರ ಕೊಟ್ಟೆ. ಗುಬ್ಬಿಯ ಒಂದಿಬ್ಬರೂ ಹಾಗೇ ಅಂದರು. ಕೊನೆಯ ಬಸ್ಸಿಗೆಂದು ಮಧ್ಯದಲ್ಲಿ ಎದ್ದು ಹೋದವರ ಮಾತು ಯಾಕೆ ಕೇಳಲಿ ಎಂದು ಸುಮ್ಮನಾದೆ.

ಈಗ ಬೆಂಗಳೂರಿನ ಯಾರೋ ಉತ್ಸಾಹಿಗಳು ಮೂಲ ನೆಗೆಟಿವ್ ಹುಡುಕಿ, ಶುಚಿ ಮಾಡಿ, ಬ್ಲೂ-ರೇ ಡಿಸ್ಕ್ ತಂದಿದ್ದಾರೆ. ಪತ್ರಿಕೆಯ ಸಂಪಾದಕ ಜಯಪ್ರಕಾಶ್ ಫೋನ್ ಮಾಡಿದರು.

"ಸಾರ್, ಇದನ್ನ ನೀವ್ ಬಿಟ್ರೆ ಯಾರ್ ಬರೀತಾರೆ? ಸೋಮವಾರ ಬೆಳಿಗ್ಗೆ ವಿಮರ್ಶೆ ಕಳ್ಸ್‌ಬಿಡಿ."

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಕಿಟಕಿ ಪರದೆ ಎಳೆದು ಕೂತೆ. ಚಿತ್ರ ಚೆನ್ನಾಗಿ ಬಂದಿದೆ. ಟೆಂಟಿನಲ್ಲಿ ಬರಿ ಕಪ್ಪಾಗಿ ಕಂಡಿದ್ದ ಮುಖದಲ್ಲಿ ಈಗ ಮಸಿಯ ಕಣ ಕಣವೂ ಕಾಣುತ್ತದೆ. ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಕೊನೆ ಬಂತು. ಮಸಿಮುಖ ಮನೆಗೆ ಬಂದ, ಮುದ್ದೆ ಉಂಡ, ಹೊರಟ, ಗೂಡಿಗೆ ಬಿದ್ದು ಸತ್ತ. ಶುಭಂ.

ಡಿಸ್ಕ್ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿದೆ. ಮತ್ತೆ ಉಂಡು ಹೋಗಿ ಸತ್ತ. ಜೊತೆಗೆ ಕೊಟ್ಟಿದ್ದ ಸಂದರ್ಶನದಲ್ಲಿ ನಿರ್ದೇಶಕರು ತಣ್ಣಗೆ ಹೇಳುತ್ತಿದ್ದರು: "ಅವನು ಉಂಡು ಹೋಗಿ ಸಾಯ್ತಾನೆ. ಬೇರೆ ಕೊನೆ ನಾವು ಯೋಚ್ನೆನೇ ಮಾಡಿರ್ಲಿಲ್ಲ." ಹಾಗಾದರೆ ನಾನು ನೋಡಿದ್ದು ಏನು? ಕನಸೇ? ಹೊಗಳಿ ಹೊಗಳಿ ಇಟ್ಟಿದ್ದ ಆ ಕತ್ತಲೆ ಯಾರದ್ದು? ನನಗೆ ತಲೆ ಕೆಟ್ಟುಹೋಯಿತು.

ಮಹಾಲಿಂಗಯ್ಯ ನಕ್ಕರೆ ನಗಲಿ. ನನ್ನ ನಿಜವಾದ ಸಂಕಟ ಅಡುಗೆಮನೆ ಬಾಗಿಲಲ್ಲಿ ತೊಗರಿಕಾಯಿ ಬಿಡಿಸುತ್ತ ಕೂತಿತ್ತು. ನಮ್ಮವ್ವ ಲಕ್ಷ್ಮೀದೇವಮ್ಮ ಆ ಸಿನಿಮಾವನ್ನು ಹನ್ನೊಂದು ಸಲ ನೋಡಿದ್ದಳು. "ನಂಗೂ ಹಾಕ್ ತೋರ್ಸೋ" ಎಂದು ಎರಡು ದಿನದಿಂದ ಹೇಳುತ್ತಿದ್ದಳು.

ಯಾಕೆ ಸಂಕಟ ಎಂದರೆ, ಅಣ್ಣ ಉಣ್ಣದೆ ಹೋದವನು. ಹಿಂದಿನ ದಿನ ಕರೆಂಟಿಲ್ಲದೆ ಮಿಲ್ಲಿನಲ್ಲಿ ರಾಗಿ ಬೀಸಿರಲಿಲ್ಲ. ಮನೆಯಲ್ಲಿದ್ದ ಹಿಟ್ಟಿಗೆ ಒಂದೇ ಮುದ್ದೆಯಾಯಿತು. ಅವ್ವ ಅದನ್ನು ಅಣ್ಣನ ತಟ್ಟೆಗೆ ಹಾಕಿದಳು. ಅವನು ತಟ್ಟೆಯನ್ನು ನನ್ನ ಕಡೆ ತಳ್ಳಿ, "ನಿಂಗೆ ಪರೀಕ್ಷೆ ಐತೆ, ನೀನುಣ್ಣು. ನಾನ್ ಬಂದು ಉಣ್ತೀನಿ" ಎಂದು ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಗೆ ಮೊಪೆಡ್ ಹತ್ತಿ ಹೋದ. ಹೈವೇಯಲ್ಲಿ ಲಾರಿ ಹೊಡೆಯಿತು. ನಾನು ಅದು ತಿಳಿಯದೆ ಅವನ ಮುದ್ದೆ ಉಂಡು, ಟ್ರೈನು ಹಿಡಿದು, ಪರೀಕ್ಷೆ ಬರೆದು ಪಾಸಾದೆ. ಇದನ್ನು ನಾನು ಯಾವ ಅಂಕಣದಲ್ಲೂ ಬರೆದಿಲ್ಲ.

ಸತ್ತವನು ತಿರುಗಿ ಬಂದು ಉಣ್ಣುವ ಆ ಕೊನೆಯನ್ನು ಹಿಡಿದುಕೊಂಡೇ ಅವ್ವ ಆ ವರ್ಷ ಬದುಕಿದಳು ಎಂದು ನಾನು ನಂಬಿದ್ದೆ. ಈಗ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅದನ್ನು ಅವಳಿಂದ ಕಿತ್ತುಕೊಳ್ಳಲೇ?

ಜುಂಜಪ್ಪನಿಗೆ ಫೋನ್ ಮಾಡಿದೆ. ಅವನು ಅಣ್ಣನ ಗೆಳೆಯ, ಈಗ ಸತ್ಯಮಂಗಲದಲ್ಲಿ ಫಿಟ್ಟರು. ಆಗ ಅವನ ಕೆಲಸ ರೀಲು ಸಾಗಿಸುವುದು. ಗುಬ್ಬಿ ಟಾಕೀಸಿಗೂ ನಿಟ್ಟೂರು ಟೆಂಟಿಗೂ ಸೇರಿ ಒಂದೇ ಪ್ರಿಂಟು. ಗುಬ್ಬಿಯಲ್ಲಿ ಆಟ ಒಂದು ತಾಸು ಮುಂಚೆ ಶುರು. ಅಲ್ಲಿ ಓಡಿ ಮುಗಿದ ರೀಲಿನ ಡಬ್ಬಗಳನ್ನು ಜುಂಜಪ್ಪ ಮೊಪೆಡ್‌ನಲ್ಲಿ ನಿಟ್ಟೂರಿಗೆ ತರುತ್ತಿದ್ದ. ಇದು ನನಗೆ ಗೊತ್ತೇ ಇತ್ತು. ಗೊತ್ತಿದ್ದೂ ರೀಲು ಅದಲುಬದಲಾಗಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಹನ್ನೊಂದು ಗಂಟೆಗೆ ಬಂದ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಡಿಸ್ಕಿನ ಕೊನೆ ನೋಡಿದ.

"ಜುಂಜಣ್ಣ, ನಮ್ಮೂರಲ್ಲಿ ಇದು ಹಿಂದೆಮುಂದೆ ಆಗಿದ್ದು ಹೆಂಗೆ?" ಎಂದು ಮೆಲ್ಲಗೆ ಕೇಳಿದೆ.

"ಗೇಟ್ ಬಿದ್ದಿತ್ತು ಕಣೋ ಭೂಷಣ. ಗೂಡ್ಸ್ ಗಾಡಿ ನಿಂತ್‌ಬಿಟ್ಟಿತ್ತು. ಹದಿಮೂರನೇ ರೀಲು ಬರೋದು ತಡ ಆಯ್ತು, ಹದಿನಾಲ್ಕನೇದು ಮೊದ್ಲು ಹಾಕುದ್ರು."

"ತಡ ಆಗಿದ್ದು ಹದಿಮೂರು, ಅದಕ್ಕೂ ಮೊದ್ಲು ಹದಿನಾಲ್ಕು ಎಲ್ಲಿಂದ ಬಂತು? ಗುಬ್ಬೀಲಿ ಹದಿಮೂರು ಮುಗಿದ ಮೇಲೆ ತಾನೇ ಹದಿನಾಲ್ಕು ಓಡೋದು?"

ಅವನು ಹೆಲ್ಮೆಟ್ಟಿನ ಪಟ್ಟಿ ತಿರುವತೊಡಗಿದ.

"ಹದಿನೆಂಟು ದಿನಾನೂ ಗೂಡ್ಸ್ ಗಾಡಿ ನಿಂತಿತ್ತಾ?"

"ಅವನನ್ಯಾಕೆ ಗೋಳುಯ್ಕತೀಯ?" ಎಂದಳು ಅವ್ವ. ತೊಗರಿಕಾಯಿಯ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಾನೇ ಹೇಳಿದ್ದು ಅವನಿಗೆ."

ನಾನು ಅವಳ ಮುಖ ನೋಡಿದೆ. ಜುಂಜಪ್ಪ ನೆಲ ನೋಡಿದ.

ಅವ್ವ ಬಂದು ಕುರ್ಚಿಯಲ್ಲಿ ಕೂತಳು. "ಮೊದಲ್ನೇ ದಿನ ಸರಿಯಾಗೇ ಓಡ್ತು. ಶಿವು ಕತ್ತರಿಸಿ ಇಟ್ಕತಿದ್ದ ಕಥೆ ಅಲ್ವಾ ಅಂತ ಹೋಗಿದ್ದೆ. ಆ ಹುಡುಗ ಉಂಡು ಹೋಗಿ ಸತ್ತ. ನಂಗೆ ಆ ತಾಯಿ ಮ್ಯಾಲೆ ಹೊಟ್ಟೆಕಿಚ್ಚು ಬಂತು ಕಣೋ. ಅವಳ ಮಗ ಹೊಟ್ಟೆ ತುಂಬ ಉಂಡು ಹೋದ, ನನ್ ಮಗ ಹಸ್ಕಂಡ್ ಹೋದ. ತಡ್ಕಳಕ್ಕಾಗ್ಲಿಲ್ಲ. ಈಚೆ ಬಂದು ಈ ಜುಂಜನ ಕೈ ಹಿಡ್ಕಂಡು ಅತ್ತೆ. ಶಿವು ಬಂದು ಉಣ್ತೀನಿ ಅಂದಿದ್ದ, ಈ ಮಸಿಮುಖನಾದ್ರೂ ಬಂದು ಉಣ್ಣೋ ಹಂಗೆ ಮಾಡೋ ಅಂದೆ."

"ಮಾರನೇ ದಿನ ಒಂದಿನ ಹಾಕಣ ಅಂತ ಹಾಕುದ್ವಿ," ಎಂದ ಜುಂಜಪ್ಪ. "ಎರಡು ಡಬ್ಬಾನೂ ಬರೋಗಂಟ ಕಾದು, ಅದಲುಬದಲು ಮಾಡುದ್ವಿ. ಊರೋರೆಲ್ಲ ಅತ್ಕಂಡು ಮನೆಗೋದ್ರು, ಅದರ ಮಾರನೇ ದಿನ ನೆಂಟರನ್ನೂ ಕರ್ಕಂಡು ಬಂದ್ರು. ಆಮೇಲೆ ಹೆಂಗೆ ಬದ್ಲಾಯ್ಸೋದು ಹೇಳು."

"ಮತ್ತೆ ನಡುವೆ ಆ ಕತ್ತಲೆ?"

"ಶುಭಂ ಬರ್ತಿತ್ತಲ್ಲ, ಅದು ಕಾಣ್ಬಾರ್ದು ಅಂತ ಆಪರೇಟರು ಮಿಷಿನ್ ಮುಂದೆ ಅಂಗೈ ಅಡ್ಡ ಹಿಡೀತಿದ್ದ."

ಎರಡು ಪ್ಯಾರಾ ಬರೆದಿದ್ದೆ ಆ ಅಂಗೈ ಬಗ್ಗೆ. ನಗಬೇಕೋ ಅಳಬೇಕೋ ತಿಳಿಯದೆ ಇಂಗು ತಿಂದ ಮಂಗನ ಹಾಗೆ ಕೂತೆ.

"ಈಗ ಸರಿಯಾಗಿರೋದು ಹಾಕು," ಎಂದಳು ಅವ್ವ.

"ಬೇಡ ಬಿಡವ್ವ."

"ಹಾಕೋ. ಇನ್ನೆಷ್ಟು ದಿನ ಆ ತಾಯಿ ಮ್ಯಾಲೆ ಹೊಟ್ಟೆ ಉರ್ಕಳ್ಲಿ?"

ಹಾಕಿದೆ. ರಿಮೋಟು ಕೈಯಲ್ಲೇ ಇಟ್ಟುಕೊಂಡೆ. ಅವಳಿಗೆ ಕಷ್ಟವಾದರೆ ತಕ್ಷಣ ನಿಲ್ಲಿಸೋಣ ಎಂದು ಟಿವಿ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಮಸಿಮುಖ ಬಂದು ತಟ್ಟೆ ಮುಂದೆ ಕೂತ. ಅವನು ಒಂದೊಂದು ತುತ್ತು ನುಂಗಿದಾಗಲೂ ಅವ್ವನ ಗಂಟಲು ಆಡುತ್ತಿತ್ತು. ಅವನು ಕೈ ತೊಳೆದು ಹೊಸಿಲು ದಾಟುವಾಗ ತಿರುಗಿ, "ಹೋಗ್ಬರ್ತೀನವ್ವ" ಎಂದ. ಟೆಂಟಿನಲ್ಲಿ ಅದೇ ಕೊನೆಯ ಮಾತಾಗಿತ್ತು, ಸತ್ತವನು ಇನ್ನೆಲ್ಲಿಗೆ ಹೋಗುತ್ತಾನೆ ಎಂದು ನಾನು ಅದಕ್ಕೂ ಒಂದು ಅರ್ಥ ಹಚ್ಚಿದ್ದೆ.

"ಹೋಗ್ಬಾ ಮಗ," ಎಂದಳು ನಮ್ಮವ್ವ.

ಅವನು ಹೋದ. ಸತ್ತ. ಶುಭಂ ಬಂತು. ಯಾರೂ ಅಂಗೈ ಅಡ್ಡ ಹಿಡಿಯಲಿಲ್ಲ.

ಜುಂಜಪ್ಪ ಕಣ್ಣೊರೆಸಿಕೊಂಡ. ಅವ್ವನ ಕಣ್ಣು ಒಣಗಿಯೇ ಇತ್ತು.

"ಒಂದ್ ಮಾತು," ಎಂದಳು ನನ್ನ ಕಡೆ ತಿರುಗಿ. "ನಾನ್ ನೋಡ್ಬೇಕು ಅಂತ ಒಂದಿನಕ್ಕೆ ಹೇಳಿದ್ದೆ. ಮೂರನೇ ದಿನಾನೂ ಹಂಗೇ ಹಾಕೋ ಅಂತ ಜುಂಜಂಗೆ ಅಂದಿದ್ದು ನಿಂಗೋಸ್ಕರ. ನಿನ್ನ ಎಳ್ಕಂಡು ಹೋಗಿದ್ನಲ್ಲ, ಗ್ಯಾನ ಐತಾ?"

"ನಂಗ್ಯಾಕೆ?"

"ಅವನ ಮುದ್ದೆ ಉಂಡೆ ಅಂತ ಮೂರು ತಿಂಗಳಿಂದ ನೀನು ಸರ್ಯಾಗಿ ಉಂಡಿರ್ಲಿಲ್ಲ. ನಾನೇನು ಕುರುಡಿಯಾ? ಆವತ್ತು ಟೆಂಟಿಂದ ಬಂದು ಎರಡು ಮುದ್ದೆ ಉಂಡೆ ನೀನು."

ಲೇಖನ ಬರೆದದ್ದು ನೆನಪಿತ್ತು. ಉಂಡದ್ದು ನೆನಪಿರಲಿಲ್ಲ. ಕಣ್ಣು ತುಂಬಿ ಟಿವಿ ಕಾಣದಾಯಿತು.

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂವರಿಗೂ ತಟ್ಟೆ ಹಾಕಿದಳು. ನನಗೆ ಬರೆಯಬೇಕಿದೆ, ಆಮೇಲೆ ಉಣ್ಣುತ್ತೇನೆ ಎನ್ನಲು ಬಾಯಿ ತೆರೆದವನು, ಹೇಳದೆ ಎದ್ದು ಹೋಗಿ ಕೂತೆ.

ಉಂಡು ಕೈ ತೊಳೆದು ಬಂದು ವಿಮರ್ಶೆಯ ಮೊದಲ ಸಾಲು ಬರೆದೆ: 'ಕುಣಿಗಲ್ಲಿನ ಮಹಾಲಿಂಗಯ್ಯನವರು ನೋಡಿದ ಸಿನಿಮಾವೇ ಸರಿ.' ನಾನು ನೋಡಿದ್ದು ತಪ್ಪು ಎಂದು ಎರಡನೇ ಸಾಲಿನಲ್ಲಿ ಬರೆಯಬೇಕು. ಸಂಜೆಯಾದರೂ ಕೈ ಬರುತ್ತಿಲ್ಲ.