ಸಹಿ ಇಲ್ಲದ ಹನ್ನೊಂದು ಮಳೆಗಾಲ

೨೦೦೨ರ ಜೂನ್ ೨೯, ಶನಿವಾರ, ಬೆಳಿಗ್ಗೆ ಎಂಟೂವರೆ. ಪಾಣೆಮಂಗಳೂರಿನ ಸಣ್ಣ ಸರಕಾರಿ ಕಚೇರಿಯ ಅಂಗಳದಲ್ಲಿ ಖತೀಜಮ್ಮ ಮಳೆಮಾಪಕದ ಮುಚ್ಚಳ ತೆಗೆದರು. ಅವರು ಅಲ್ಲಿ ಗುಡಿಸುವವರು. ಮಳೆ ಅಳೆಯುವುದು ಓವರ್‌ಸಿಯರ್ ಪುಷ್ಪರಾಜರ ಕೆಲಸ. ಆದರೆ ಅಳತೆ ಎಂಟೂವರೆಗೇ ಆಗಬೇಕು, ಪುಷ್ಪರಾಜರ ಬಸ್ಸು ಮೂಡುಬಿದಿರೆಯಿಂದ ಬರುವಾಗ ಒಂಬತ್ತು ದಾಟುತ್ತಿತ್ತು. ಹಾಗಾಗಿ ಹನ್ನೊಂದು ವರ್ಷ ಅಳೆದವರು ಖತೀಜಮ್ಮ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದವರು ಪುಷ್ಪರಾಜ.

ಕಲಿಸಿದ್ದೂ ಅವರೇ. "ಅಳತೆಯ ಗ್ಲಾಸಿನಲ್ಲಿ ಅಂಚಿನ ನೀರು ನೋಡಬೇಡಿ, ನಡುವಿನ ತಗ್ಗು ನೋಡಿ. ಮಳೆ ಬಾರದ ದಿನ ಸೊನ್ನೆ ಅಂತ ಹೇಳಿ, ಸುಮ್ಮನಿರಬೇಡಿ."

ಆಗ ಕಚೇರಿಯಲ್ಲಿ ನಾಲ್ವರಿದ್ದರು. ಅಳತೆಯ ಗ್ಲಾಸು ಕಂಡರೆ ಜೀಪಿನ ತುಕ್ರಪ್ಪ ಬಿಡುತ್ತಿರಲಿಲ್ಲ.

"ಒಂದು ಚಾಕ್ಕೆ ಸಾಕಾ ಖತೀಜಮ್ಮ?"

"ನಿಮ್ಮ ಜೀಪಿನ ಬಾಯಾರಿಕೆಗೇ ಸಾಲ್ಲಿಕ್ಕಿಲ್ಲ ಮಾರಾಯ್ರೆ!"

ಆಮೇಲೆ ಮಿತವ್ಯಯದ ಆದೇಶಗಳು ಬಂದವು. ಟೈಪಿಸ್ಟ್ ನಿವೃತ್ತರಾದರು, ಆ ಕುರ್ಚಿಗೆ ಯಾರೂ ಬರಲಿಲ್ಲ. ತುಕ್ರಪ್ಪನ ನಿವೃತ್ತಿಯ ಹಿಂದೆಯೇ ಜೀಪು ಹರಾಜಾಯಿತು. ಎದುರಿನ ಹೋಟೆಲಿನ ಮೊಯಿದಿನಬ್ಬ ಮೊದಲು ಎರಡು ಲೀಟರ್ ಹಾಲು ಕಡಿಮೆ ಮಾಡಿದರು, ಮರುವರ್ಷ ಬಾಗಿಲನ್ನೇ ಹಾಕಿದರು.

ಈಗ ನಿವೃತ್ತರಾಗುವ ಸರದಿ ಪುಷ್ಪರಾಜರದು. ಸೋಮವಾರದಿಂದ ಕಚೇರಿ ಬೆಳ್ತಂಗಡಿಯದರ ಜೊತೆ ವಿಲೀನ, ಗುಡಿಸುವವರು ಬೇಡ. ಮಳೆ ಅಳೆಯುವವರನ್ನು ಮಾತ್ರ ಉಳಿಸಿಕೊಳ್ಳಬಹುದೆಂದು ಆದೇಶದಲ್ಲಿತ್ತು. ಖತೀಜಮ್ಮ ಅದೊಂದು ಸಾಲನ್ನು ನಂಬಿಕೊಂಡಿದ್ದರು.

ಗೇಟು ಸದ್ದಾಯಿತು. ಪುಷ್ಪರಾಜ ಅಂದು ಬೇಗನೆ ಬಂದಿದ್ದರು, ಕಂಕುಳಲ್ಲಿ ಮಳೆಯ ರಿಜಿಸ್ಟರು.

"ನಿನ್ನೆ ಬೆಳ್ತಂಗಡಿಯಲ್ಲಿ ಇದನ್ನು ನೋಡಿದ್ರು. ಅಳೆಯುವವರೇ ನಿವೃತ್ತರಾಗ್ತಾರಲ್ಲ, ಮಾಪಕವನ್ನೂ ತೆಗೆಯುವ ಅಂದ್ರು."

"ಅಳೆಯುವುದು ನಾನು ಅಂತ ಹೇಳ್ಲಿಲ್ವಾ ಸರ್?"

"ಹೇಳಿದೆ. ಕಾಗದದಲ್ಲಿ ಎಲ್ಲುಂಟು ಅಂತ ಕೇಳಿದ್ರು." ಅವರು ಛತ್ರಿ ಮಡಚುತ್ತಲೇ ನಿಂತರು. "ತಪ್ಪು ನನ್ನದು ಖತೀಜಮ್ಮ. ಒಂದು ದಿನವಾದರೂ ನಿಮ್ಮ ಕೈಯಲ್ಲಿ ಸಹಿ ಹಾಕಿಸಬೇಕಿತ್ತು."

ಖತೀಜಮ್ಮ ಮಾಪಕದೊಳಗಿನ ನೀರಿನ ಬಾಟಲಿ ಎತ್ತಿಕೊಂಡರು.

"ಸೋಮವಾರ ನಾನು ಬರ್ಲಿಕ್ಕಿಲ್ಲ, ಅಲ್ವಾ?"

"ಇಲ್ಲ."

"ಹಾಗಾದ್ರೆ ಇವತ್ತಿಂದು ನಾನೇ ಬರೀತೇನೆ."

ಇಪ್ಪತ್ತು ಮಿಲಿಮೀಟರಿನ ಗ್ಲಾಸು ಮೂರು ಸಲ ತುಂಬಿತು. ನಾಲ್ಕನೆಯ ಸಲ ಅವರು ಕುಕ್ಕರಗಾಲಲ್ಲಿ ಕೂತು, ನೀರಿನ ನಡುವಿನ ತಗ್ಗಿಗೆ ಕಣ್ಣು ಸಮ ಮಾಡಿದರು. ಪುಷ್ಪರಾಜ ಒಳಗೆ ತಮ್ಮ ಕುರ್ಚಿ ಎಳೆದುಕೊಟ್ಟು, ರಿಜಿಸ್ಟರು ಬಿಡಿಸಿಟ್ಟು, ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ಖತೀಜಮ್ಮ ಮೊದಲು ಸಹಿಯ ಜಾಗದಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಆಮೇಲೆ ಮಳೆಯನ್ನು ಬರೆದರು: ೬೩.೪ ಮಿಲಿಮೀಟರ್.