ಉಗುರು ಕತ್ತರಿಸುವವಳು

ಕತ್ತಿನ ಹಿಂದೆ ಮೈಕಿನ ತಂತಿ ಚುಚ್ಚುತ್ತಿದೆ, ದೀಪಗಳ ಕಾವಿಗೆ ಬಳಿದ ಪೌಡರು ಬಿರಿಯುತ್ತಿದೆ, ಕೆರೆದುಕೊಳ್ಳುವಂತಿಲ್ಲ, ಕ್ಯಾಮೆರಾ ಮುಖದ ಮೇಲೆಯೇ ಇದೆ, ಎದುರು ತಂಡದವರು ಕಥೆ ಹೇಳುವಾಗ ಈ ತಂಡದವರು ನಗುತ್ತಿರಬೇಕು ಎಂದು ನಿರ್ದೇಶಕ ಮೊದಲೇ ಹೇಳಿದ್ದಾನೆ — ಆಟ ಸುಲಭ ಮೇಡಂ, ಅವ್ರೊಂದು ಅನುಭವ ಹೇಳ್ತಾರೆ, ನಿಜಾನೋ ಸುಳ್ಳೋ ನೀವು ಹೇಳ್ಬೇಕು, ಸರಿಯಾದ್ರೆ ನಿಮ್ಗೆ ಅಂಕ, ತಪ್ಪಾದ್ರೆ ಅವ್ರಿಗೆ — ಸುಲಭವೇ, ಎದುರಿಗೆ ಕೂತವನ ಸುಳ್ಳು ಅವಳಿಗೆ ಅವನ ಉಸಿರಿನಲ್ಲೇ ಗೊತ್ತಾಗುತ್ತದೆ, ಸೂಜಿ-ದಾರ ಎಂದು ಊರೂರು ಸುತ್ತಿ ನಗಿಸಿದ ಜೋಡಿಯಲ್ಲಿ ಅವಳು ಸೂಜಿ, ಅವನು ದಾರ, ಆಮೇಲೆ ದಾರಕ್ಕೆ ಸಿನಿಮಾ ಸಿಕ್ಕಿತು, ಸೂಜಿಗೆ ಬರಿಯ ಕಣ್ಣು ಉಳಿಯಿತು, ಈಗ ಆ ದಾರ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಾನೆ, ನಮ್ಮಮ್ಮಂಗೆ ಕೊನೇಗಾಲದಲ್ಲಿ ಮರೆವಿನ ಕಾಯಿಲೆ, ವೃದ್ಧಾಶ್ರಮದ ಹಸಿರು ಗೋಡೆ ಕೋಣೆಗೆ ನೋಡೋಕೆ ಹೋದ್ರೆ ನನ್ನನ್ನ ಉಗುರು ಕತ್ತರಿಸೋಕೆ ಬರೋನು ಅಂದ್ಕೊಂಡು ಸುಮ್ನೆ ಕೈ ಚಾಚೋಳು — ಜನ ಘೊಳ್ಳೆಂದರು, ಅವಳ ಮುಖದ ನಗು ಇದ್ದಲ್ಲೇ ನಿಂತಿತು, ಅವನ ಅಮ್ಮ ಕಲ್ಲುಗುಂಡಿನ ಹಾಗಿದ್ದಾಳೆ, ಹೋದ ತಿಂಗಳು ತಾನೇ ತನಗೆ ಫೋನು ಮಾಡಿ ಅರ್ಧ ಗಂಟೆ ಸೊಸೆಯನ್ನು ಬೈದಿದ್ದಳು, ಚಾಚಿದ ಕೈ ಆಕೆಯದಲ್ಲ, ಅದು ತನ್ನ ಅಮ್ಮನ ಕೈ, ಹಸಿರು ಗೋಡೆಯ ಕೋಣೆ ತನ್ನ ಅಮ್ಮನ ಕೋಣೆ, ಅಮ್ಮ ತೀರಿಕೊಂಡ ವಾರ ರಂಗಮಂದಿರದ ಹಿಂಬದಿ ಮೆಟ್ಟಿಲ ಮೇಲೆ ಕೂತು ಅವಳೇ ಇವನಿಗೆ ಹೇಳಿದ್ದಳು, ಅವನು ಬೆನ್ನು ಸವರುತ್ತಾ ಇದನ್ನ ಯಾರತ್ರಾನೂ ಹೇಳ್ಬೇಡ ಕಣೇ, ಹಾಳಾಗುತ್ತೆ ಅಂದಿದ್ದ, ಅವಳು ಹೇಳಿರಲಿಲ್ಲ, ಹಾಳಾಗದಂತೆ ಕಾದಿಟ್ಟಿದ್ದು ಇವನಿಗಾಗಿ.

ಉಗುರೇ ಇರ್ತಿರ್ಲಿಲ್ಲ ಸಾರ್, ಹೋದ ಭಾನುವಾರ ತಾನೇ ಕತ್ತರಿಸಿರ್ತೀನಿ, ಸುಮ್ನೆ ಗಾಳೀಲಿ ಟಿಕ್ ಟಿಕ್ ಅನ್ನಿಸ್ತಿದ್ದೆ, ಅಮ್ಮ ಹೇಳೋಳು, ನನ್ ಮಗ ಟಿವೀಲಿ ನಗಿಸ್ತಾನಂತೆ, ಮನೇಲಿ ಒಂದಿನಾನೂ ನಗಿಸ್ಲಿಲ್ಲ — ಜನ ಕುರ್ಚಿಯಲ್ಲಿ ಹೊರಳಾಡುತ್ತಿದ್ದಾರೆ, ತನ್ನ ಅಮ್ಮ ಹೇಳಿದ್ದು ಮಗಳು ಎಂದು, ಒಂದಕ್ಷರ ಬಿಟ್ಟು ಮಿಕ್ಕಿದ್ದನ್ನೆಲ್ಲ ಇಡಿಯಾಗಿ ನುಂಗಿದ್ದಾನೆ, ಪಕ್ಕದಲ್ಲಿ ಕೂತ ಅಡುಗೆ ಕಾರ್ಯಕ್ರಮದಾಕೆ ಕಿವಿಯಲ್ಲಿ ಸುಳ್ಳು ಅಲ್ವಾ, ಯಾವ ತಾಯಿ ಮಕ್ಕಳ್ನ ಮರೀತಾಳೆ ಎನ್ನುತ್ತಾಳೆ, ಮರೆಯುತ್ತಾಳೆ ತಾಯಿ, ಚೆನ್ನಾಗಿ ಮರೆಯುತ್ತಾಳೆ, ನಿರೂಪಕ ನಿಮ್ದೇನಾದ್ರೂ ಪ್ರಶ್ನೆ ಇದ್ಯಾ ಸೂಜಿಯಮ್ಮ ಎಂದು ಕೆಣಕಿದ, ಅವಳಿಗೆ ಗೊತ್ತು ಯಾವುದನ್ನು ಕೇಳಬೇಕೆಂದು, ಅಂದು ಮೆಟ್ಟಿಲ ಮೇಲೆ ಹೇಳದೆ ಉಳಿಸಿಕೊಂಡಿದ್ದು ಅದೊಂದೇ, ಕೊನೆಗಾದ್ರೂ ನಿಮ್ಮಮ್ಮ ನಿಮ್ಮನ್ನ ಗುರುತು ಹಿಡಿದ್ರಾ ಎಂದು ಕೇಳಿದಳು, ತಡವರಿಸಲಿ ನೋಡೋಣ ಎಂದು, ಅವನಿಗೆ ಗೊತ್ತಿಲ್ಲ, ಕೊನೆಯ ಸಲ ಅಮ್ಮ ಕೈ ಎಳೆದುಕೊಂಡು ನಾಳೆಯಿಂದ ಬೇರೆಯವ್ರನ್ನ ಕಳಿಸ್ರಮ್ಮ, ನಿಮ್ ಕೈ ತಣ್ಣಗಿದೆ ಅಂದಳು, ಅಷ್ಟೇ, ಬೇರೆಯವರು ಬರುವ ಮೊದಲೇ ಹೋದಳು.

ಅವನು ತಡವರಿಸಲಿಲ್ಲ. ತನ್ನ ಅಂಗೈ ನೋಡಿಕೊಂಡ — ಒಂದ್ಸಲ, ಅಂದ — ಎದ್ದು ಹೊರಟಿದ್ದೆ, ಅಮ್ಮ ನೇಲ್ ಕಟರ್ ಕಿತ್ಕೊಂಡ್ಲು, ನನ್ ಕೈ ಹಿಡಿದು ಬಗ್ಗಿ ಕೂತು ನನ್ನ ಉಗುರು ಕತ್ತರಿಸೋಕೆ ಶುರು ಮಾಡಿದ್ಲು, ಅಲ್ಲಾಡ್ಬೇಡ ಕೂಸೇ, ಚರ್ಮಕ್ಕೆ ತಾಗುತ್ತೆ, ಅಂದ್ಲು. ಯಾರೂ ನಗಲಿಲ್ಲ, ಕ್ಯಾಮೆರಾದವನು ಕಣ್ಣೊರೆಸಿಕೊಂಡ, ನಿಜವೋ ಸುಳ್ಳೋ ಎಂದು ನಿರೂಪಕ ಕೇಳುತ್ತಿದ್ದಾನೆ, ಸುಳ್ಳು ಎಂದರೆ ಅಂಕ ಇವಳದು, ಸುಳ್ಳು ಎಂದರೆ ಆ ಹಸಿರು ಗೋಡೆ, ಗಾಳಿಯಲ್ಲಿ ಕತ್ತರಿಸಿದ ಅಷ್ಟೂ ಭಾನುವಾರಗಳು ಸುಳ್ಳು, ಅಮ್ಮ ಸುಳ್ಳು, ನಾಲಿಗೆ ತಾನೇ ಹೊರಳಿ ನಿಜ ಅಂದಿತು, ಅವನು ತನ್ನ ಮುಂದಿದ್ದ ಉತ್ತರದ ಹಲಗೆ ತಿರುಗಿಸಿದ, ಸುಳ್ಳು ಎಂದು ಕೆಂಪಕ್ಷರ, ಚಪ್ಪಾಳೆ, ನಗು, ಜನರಿಗೆ ಎದೆ ಹಗುರಾಯಿತು, ಸದ್ಯ ಅಂಥದ್ದೇನೂ ಯಾರಿಗೂ ಆಗಿಲ್ಲ.

ಮೇಕಪ್ಪು ಕೋಣೆಯಲ್ಲಿ ಅವನು ಹಿಂದೆ ಬಂದು ನಿಂತ, ಕನ್ನಡಿಯಲ್ಲೇ ಮಾತಾಡಿದ, ಬೇಜಾರಾ? ನಿನ್ ಹೆಸರೇನೂ ಹೇಳಿಲ್ವಲ್ಲ, ಮತ್ತೆ ಕೊನೇದಂತೂ ಪೂರ್ತಿ ನಂದೇ. ಹೌದು, ನಿಂದೇ, ಚೆನ್ನಾಗಿತ್ತು, ಅಂದಳು, ಅವನು ಹೋದ, ಹತ್ತಿಯಲ್ಲಿ ಕೆನ್ನೆ ಒರೆಸಿಕೊಳ್ಳುತ್ತಾ ತನ್ನದನ್ನು ನೆನೆದಳು, ಅಮ್ಮ ಕೈ ಎಳೆದುಕೊಂಡಿದ್ದು, ತಣ್ಣಗಿದೆ ಅಂದಿದ್ದು, ಯಾವ ದನಿಯಲ್ಲಿ ಅಂದಳು, ಮುಖ ಎತ್ತ ತಿರುಗಿಸಿದ್ದಳು — ಬರುತ್ತಿಲ್ಲ, ಬರುವುದು ಬಗ್ಗಿದ ಬೆಳ್ಳಿ ತಲೆ, ನಡುವಿನ ಬೈತಲೆ, ತನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದ ಬೆರಳುಗಳು, ಅದಲ್ಲ, ಅದು ಆಗಿಲ್ಲ, ಮತ್ತೆ ಮೊದಲಿಂದ, ಹಸಿರು ಗೋಡೆ, ಮಂಚ, ಚಾಚಿದ ಕೈ, ಅಮ್ಮ ಕೈ ಎಳೆದುಕೊಂಡಳು — ಇಲ್ಲ, ಬಗ್ಗಿದಳು, ಬೆಳ್ಳಿ ತಲೆ, ಬೈತಲೆ, ಅಲ್ಲಾಡ್ಬೇಡ ಕೂಸೇ, ಹೆಬ್ಬೆರಳ ಮೇಲೆ ಬಿಗಿ ಹಿಡಿತ