ಕಳೆ ತೆಗೆಯುವ ಯಂತ್ರ

"ಏ ಎರ್ರಿ, ಹಿಂದ ಸರಿ. ಫೋಟೋದಾಗ ನಿನ್ನ ಮಾರಿ ಯಾರಿಗೆ ಬೇಕಾಗೇತಿ?"

ಕಂಪ್ಲಿಯ ರೈಸ್‌ಮಿಲ್ಲಿನ ಮಾಲೀಕ ನಾಗಭೂಷಣ ಗದರಿದ. ಎರ್ರಮ್ಮ ಬ್ಯಾನರಿನ ಹಿಂದೆ ಸರಿದಳು. ಮಹಿಳಾ ರೈತರ ತರಬೇತಿಗೆ ಅದು ಕೊನೆಯ ದಿನ. ಗದ್ದೆ ನಾಗಭೂಷಣನದು, ಪಾಲಿಗೆ ಮಾಡುವವಳು ಎರ್ರಮ್ಮ. ತರಬೇತಿಗೆ ಹೆಸರು ಕೊಟ್ಟವಳು ಅವನ ಹೆಂಡತಿ ಗಾಯತ್ರಿ. ದಿನಾ ಬಂದು ಯಂತ್ರ ಹಿಡಿದು ಕಲಿತವಳು ಎರ್ರಮ್ಮ. ತರಬೇತಿ ಮುಗಿಸಿದವರಿಗೆಂದು ಕೊಡುವ, ಕಳೆ ತೆಗೆಯುವ ಆ ಯಂತ್ರ ಇವತ್ತು ಗಾಯತ್ರಿಯ ಮನೆಗೆ ಹೋಗುವುದಿತ್ತು.

ಕೃಷಿ ಕಚೇರಿಯಿಂದ ಬಂದ ಗಿರೀಶ್ ಟ್ಯಾಬ್ ಹಿಡಿದು ಹೆಂಗಸರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದ.

"ಹೊಸ ಯಂತ್ರ ಅಂದ್ರೆ ಭಯ ಆಗುತ್ತೇನಮ್ಮಾ? ಬೇಸಾಯದ ತೀರ್ಮಾನ ಯಾರದು?"

ಎರ್ರಮ್ಮ ಬಾಯಿ ತೆರೆಯುವ ಮೊದಲೇ ನಾಗಭೂಷಣ ನಕ್ಕ.

"ಅಕಿನ್ನೇನ್ ಕೇಳ್ತೀರಿ ಸರ್? ಈ ಕೇರಿಯವಕ್ಕ ಭಯಾನೂ ಇಲ್ಲ, ಬುದ್ದೀನೂ ಇಲ್ಲ. ಎತ್ತು ಇದ್ದಂಗ, ಹೊಡ್ದ ಕಡೆ ಹೋಗ್ತಾವ. ತೀರ್ಮಾನ ನಂದು, ಬರಕೊಳ್ರಿ."

ಗಿರೀಶ್ ಟ್ಯಾಬಿನ ಮೇಲೆ ಬೆರಳೊತ್ತಿ ಮುಂದಿನವಳ ಕಡೆ ತಿರುಗಿದ. ಎರ್ರಮ್ಮನಿಗೆ ಸಿಟ್ಟೂ ಬರಲಿಲ್ಲ. ನಾಟಿಯ ಕೆಸರಿನಲ್ಲಿ ಬೆರಳುಗಳಿಗೆ ಜೋಮು ಹಿಡಿದಂತೆ ಅವಳ ಒಳಗೂ ಹಿಡಿದು ಎಷ್ಟೋ ಕಾಲವಾಗಿತ್ತು.

ದೊಡ್ಡ ಸಾಹೇಬರ ಜೀಪು ಬಂತು. ಯಂತ್ರ ಶುರು ಮಾಡಲು ಎರ್ರಮ್ಮನನ್ನೇ ಕೂಗಿದರು. ಅವಳು ಗದ್ದೆಗಿಳಿದು ಹಗ್ಗ ಎಳೆದಳು. ಯಂತ್ರ ಗುಡುಗಿತು. ಫೋಟೋಕ್ಕೆ ಹಿಡಿಕೆ ಹಿಡಿಯಲು ಗಾಯತ್ರಿ ಹಸಿರು ರೇಷ್ಮೆ ಸೀರೆ ಎತ್ತಿಕೊಂಡು ಬದುವಿನಿಂದ ಇಳಿದಳು. ಮೊಬೈಲುಗಳು ಮೇಲೆದ್ದವು.

"ಇನ್ನ ಬಿಡು," ಎಂದ ನಾಗಭೂಷಣ. "ತಡಿ, ಮೊದ್ಲು ಹಿಡಿಕಿ ಒರಸು. ನಿನ್ನ ಸೆರಗಿಲೆ ಬ್ಯಾಡ, ಮತ್ತ ಮೈಲಿಗಿ ಆಗತೈತಿ. ತಗ, ಟವಲ್."

ಎಸೆದ ಟವೆಲ್ ಅವಳ ಹೆಗಲಿಗೆ ತಾಗಿ ಕೆಸರಿಗೆ ಬಿತ್ತು. ಎರ್ರಮ್ಮ ಅದನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ಹಿಡಿಕೆ ಒತ್ತಿದಳು. ಯಂತ್ರ ಭತ್ತದ ಸಾಲಿನ ನಡುವೆ ಮುಂದಕ್ಕೆ ಹೊರಟಿತು. ಗಾಯತ್ರಿ ಚೀರಿ ಪಕ್ಕಕ್ಕೆ ಸರಿದಳು.

"ಏ ರಂಡೆ, ನಿಲ್ಲಸ! ನಾಳಿಂದ ಈ ಗದ್ದ್ಯಾಗ ಇಳಿದ್ರ ಕಾಲು ಮುರೀತೀನಿ!" ನಾಗಭೂಷಣ ಅರಚಿದ.

ಜತೆಗೆ ನಾಟಿ ಹಚ್ಚುವ ತುಳಸಿ ಬದುವಿನ ಮೇಲೆ ಓಡುತ್ತಾ ಬಂದಳು. "ಯಕ್ಕಾ, ಬ್ಯಾಡಬೇ! ಗದ್ದಿ ಕಸ್ಕಂತಾನ! ಬಿಟ್ಟು ಬಾರಬೇ!"

"ಕಸ್ಕಳ್ಳಿ," ಎಂದಳು ಎರ್ರಮ್ಮ, ತಿರುಗದೆ.

ಸಾಲು ಮುಗಿಯಿತು. ಅವಳು ಯಂತ್ರ ಎತ್ತಿ ಹೊರಳಿಸಿದಳು. ನಾಗಭೂಷಣ ಪಂಚೆ ಮೇಲೆ ಕಟ್ಟಿ ಗದ್ದೆಗಿಳಿದಿದ್ದ. ಕೆಸರಿನಲ್ಲಿ ಹೂತ ಒಂದು ಕಾಲನ್ನು ಕೀಳಲಾಗದೆ ನಿಂತಿದ್ದ. ಅವನ ಬಾಯಿ ಆಡುತ್ತಿತ್ತು. ಯಂತ್ರದ ಸದ್ದಿನಲ್ಲಿ ಅವಳಿಗೆ ಒಂದೂ ಕೇಳಿಸಲಿಲ್ಲ.

ಮುಂದಿನ ಸಾಲು ಅವನು ನಿಂತ ಕಡೆಗೇ ಇತ್ತು. ಎರ್ರಮ್ಮ ಹಿಡಿಕೆ ಒತ್ತಿದಳು.